ಜನ ನಿಲ್ಲಿಸುವ ಮೇಷ್ಟ್ರು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮುಖ ಮಾತ್ರ ಅಪ್ಪಟ ಮೇಷ್ಟ್ರದು. ದಪ್ಪ ಚೌಕಟ್ಟಿನ ಕನ್ನಡಕ, ಓರೆ ಬೈತಲೆ ತೆಗೆದು ಬಾಚಿದ ನರೆಗೂದಲು, ಇಸ್ತ್ರಿಯ ಗೆರೆ ಅಳಿಯದ ಅಂಗಿ, ಎದೆಯ ಜೇಬಿನಲ್ಲಿ ಯಾವತ್ತೂ ಏನನ್ನೂ ಬರೆಯದ ಒಂದು ಪೆನ್ನು. ಬಸ್ಸಿನಲ್ಲಿ ಕಾಲೇಜು ಹುಡುಗರು ತಾವಾಗಿ ಎದ್ದು ಜಾಗ ಬಿಟ್ಟುಕೊಡುವಂಥ ಮುಖ ಅದು. ದೇವರು ಕೆಲವರಿಗೆ ಆಸ್ತಿ ಕೊಡುತ್ತಾನೆ, ಕೆಲವರಿಗೆ ಬುದ್ಧಿ ಕೊಡುತ್ತಾನೆ, ಇವರಿಗೆ ಈ ಮುಖ ಕೊಟ್ಟು ಕೈ ತೊಳೆದುಕೊಂಡಿದ್ದ. ಬೀದಿ ಮಾರುಕಟ್ಟೆಯ ವ್ಯಾಪಾರಿಗಳು ಆ ಮುಖ ನೋಡಿ ಮೇಷ್ಟ್ರೇ ಎಂದು ಕರೆದರು, ಅದೇ ಹೆಸರಾಗಿ ಅಂಟಿಕೊಂಡಿತು. ಕಥೆ ಹೇಳುವ ನನಗೂ ಈಗ ಆ 'ರು' ಬಿಡಲು ಬಾಯಿ ಬರುವುದಿಲ್ಲ.

ಅವರ ಕೆಲಸ ಜನ ನಿಲ್ಲಿಸುವುದು. ಬೀದಿಯಲ್ಲಿ ಸಾಮಾನು ಹರಡಿಕೊಂಡು ಕೂತವನ ಎದುರು ಯಾರೂ ನಿಂತಿಲ್ಲದಿದ್ದರೆ ಹೋಗುವವರು ಹೋಗುತ್ತಲೇ ಇರುತ್ತಾರೆ. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲುತ್ತಾರೆ. ನಾಲ್ಕು ಜನ ನಿಂತರೆ ಹಿಂದಿನವರು ಕತ್ತು ಉದ್ದ ಮಾಡಿ ನೋಡಲು ಶುರು ಮಾಡುತ್ತಾರೆ. ಆ ಮೊದಲು ನಿಲ್ಲುವ ಒಬ್ಬರು ಮೇಷ್ಟ್ರು. ಗಿರಾಕಿಯಂತೆ ಬರಬೇಕು, ಸಾಮಾನು ಎತ್ತಿ ತಿರುಗಿಸಿ ನೋಡಬೇಕು, ಏನೋ ಒಂದು ಕೊಂಕು ತೆಗೆಯಬೇಕು, ಬೇಡವೆಂದು ನಾಲ್ಕು ಹೆಜ್ಜೆ ಹೋಗಿ ಮನಸ್ಸು ತಡೆಯದವರಂತೆ ವಾಪಸು ಬರಬೇಕು. ವಾಪಸು ಬಂದ ಗಿರಾಕಿಯನ್ನು ಜನ ಬಹಳ ನಂಬುತ್ತಾರೆ. ಮೇಷ್ಟ್ರು ವಾಪಸು ಬರುವುದರಲ್ಲಿ ಎತ್ತಿದ ಕೈ.

ಅದು ದೊಡ್ಡ ನಗರ. ವಾರದ ಒಂದೊಂದು ದಿನ ಒಂದೊಂದು ಬೀದಿ ಮಾರುಕಟ್ಟೆಯಾಗುತ್ತಿತ್ತು. ಮೇಲ್ಸೇತುವೆಯ ಕೆಳಗೆ ಬ್ಯಾಗು, ಬೆಲ್ಟು, ಬೀಗ. ಅಲ್ಲಿ ಎಲ್ಲರಿಗೂ ಬಸ್ಸಿನ ಅವಸರ, ಮಾತು ಚುಟುಕಾಗಿರಬೇಕು. ರೈಲು ಹಳಿಯ ಪಕ್ಕದ ಓಣಿಯಲ್ಲಿ ಹಳೆಯ ಫ್ಯಾನು, ತುಕ್ಕು ಹಿಡಿದ ಸ್ಪ್ಯಾನರು, ಯಾರದೋ ಮದುವೆಯ ಫೋಟೋ ಇನ್ನೂ ಒಳಗೇ ಇರುವ ಚೌಕಟ್ಟು. ಅಲ್ಲಿಗೆ ಬರುವವರು ಅನುಮಾನದ ಪ್ರಾಣಿಗಳು, ಅವರ ಮುಂದೆ ಸಾಮಾನನ್ನು ಬೈದಷ್ಟೂ ಅದು ಖರ್ಚಾಗುತ್ತದೆ. ಆಟದ ಮೈದಾನದ ಗೋಡೆಯುದ್ದಕ್ಕೂ ಬಟ್ಟೆ. ಅಲ್ಲಿ ಸಂಸಾರಸ್ಥರೇ ಹೆಚ್ಚು, ಹೆಂಡತಿ ಮಕ್ಕಳ ಮಾತು ಎತ್ತಬೇಕು. ಇನ್ನು ದೊಡ್ಡ ಆಸ್ಪತ್ರೆಯ ಮುಂದಿನ ರಸ್ತೆ. ಬಕೆಟ್ಟು, ಚಾಪೆ, ದಿಂಬು, ಟವೆಲು, ಫ್ಲಾಸ್ಕು, ಒಳಗೆ ಮಲಗಿದವರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಹೆದರಿದ ಜನರಿಗೆ ಮಾರುವಷ್ಟು ಸುಲಭ ಯಾವುದೂ ಇಲ್ಲ ಎಂದು ವ್ಯಾಪಾರಿಗಳು ಹೇಳುತ್ತಿದ್ದರು. ಮೇಷ್ಟ್ರಿಗೆ ಆ ರಸ್ತೆ ಕಂಡರೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದು ಹೋಗದೆ ಬಿಟ್ಟರೇ ಎಂದರೆ ಅದೂ ಇಲ್ಲ, ವಾರವಾರ ತಪ್ಪದೆ ಹೋಗುತ್ತಿದ್ದರು.

ಅರ್ಧ ಆಯುಷ್ಯ ಅವರು ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿಕೊಂಡಿದ್ದವರು. ಮಾಲೀಕ ಸತ್ತ ಮೇಲೆ ಮಕ್ಕಳು ಅಂಗಡಿ ಒಡೆದು ಕಾರು ನಿಲ್ಲಿಸುವ ಜಾಗ ಮಾಡಿದರು. ಕೂದಲು ಹಣ್ಣಾದ ಸೇಲ್ಸ್‌ಮನ್ ಯಾರಿಗೆ ಬೇಕು? ಕೆಲಸ ಕೇಳಿದ ಕಡೆಯೆಲ್ಲ "ಕೂತ್ಕೊಳ್ಳಿ ಸಾರ್, ಟೀ ಕುಡೀರಿ" ಎಂದು ಮರ್ಯಾದೆ ಕೊಟ್ಟು ಕಳಿಸಿದರು. ಒಂದು ದಿನ ಕಾಲು ಸೋತು ಮೈದಾನದ ಗೋಡೆಯ ಹತ್ತಿರ ನಿಂತು ಹಳೆಯ ಅಭ್ಯಾಸಕ್ಕೆ ಒಂದು ಬೆಡ್‌ಶೀಟನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ತಲೆ ಎತ್ತಿದರೆ ಸುತ್ತ ಏಳೆಂಟು ಹೆಂಗಸರು ತಾವೂ ಬೆಡ್‌ಶೀಟು ಉಜ್ಜುತ್ತಿದ್ದಾರೆ. ಆ ಬೆಡ್‌ಶೀಟಿನವನಿಗೆ ಗಂಟಲು ಎಂದು ಹೆಸರು. ಅವನು ಕೂಗಿದರೆ ಆಚೆ ಬೀದಿಯ ಮಗು ಎಚ್ಚರಾಗುತ್ತಿತ್ತು. ಗಂಟಲು ಅವತ್ತು ಅಪರೂಪಕ್ಕೆ ಮೆತ್ತಗೆ ಮಾತಾಡಿದ. "ಸಾರ್, ನೀವೇನೂ ಮಾಡ್ಬೇಡಿ. ದಿನಾ ಬಂದು ಹಿಂಗೇ ಸುಮ್ನೆ ನಿಂತ್ಕೊಳ್ಳಿ, ಸಾಕು."

ಹೀಗೆ ಸುಮ್ಮನೆ ನಿಲ್ಲುವುದರಿಂದ ಶುರುವಾಯಿತು. ಆಮೇಲೆ ಒಂದು ಮಾತು, ಆಮೇಲೆ ಎರಡು. ಕೊನೆಗೆ ಮೇಷ್ಟ್ರ ಮಾತಿಗೆ ಒಂದು ಅಚ್ಚು ಬಂತು. "ನಮ್ಮನೇಲಿ ಮೂರು ವರ್ಷದಿಂದ ಇದೇ ಇದೆ. ನಮ್ಮನೆಯವಳಿಗೆ ಇದಿಲ್ದೇ ಕೈ ಆಡಲ್ಲ." ಒಂದು ವರ್ಷ ಎಂದರೆ ಜನಕ್ಕೆ ಸಾಲದು, ಹತ್ತು ವರ್ಷ ಎಂದರೆ ನಂಬುವುದಿಲ್ಲ. ಮೂರು ವರ್ಷ ಹದವಾಗಿತ್ತು. ಈ ಲೆಕ್ಕದಲ್ಲಿ ಮೇಷ್ಟ್ರ ಹೆಂಡತಿಯ ಹತ್ತಿರ ಇಲ್ಲದ ವಸ್ತುವೇ ಇರಲಿಲ್ಲ. ಮಿಕ್ಸಿ ಇತ್ತು, ಇಸ್ತ್ರಿ ಪೆಟ್ಟಿಗೆ ಇತ್ತು, ಚಳಿಗೆ ರಗ್ಗು, ಸೊಂಟಕ್ಕೆ ಬಿಸಿ ನೀರಿನ ಚೀಲ, ಎಲ್ಲ ಇದ್ದವು. ನಿಜದಲ್ಲಿ ಅವರದು ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಕಪಾಟು. ಬಾಯಿ ಮಾತಿನಲ್ಲಾದರೂ ಅವಳಿಗೆ ನಾಲ್ಕು ಸಾಮಾನು ಕೊಡಿಸಿದೆನಲ್ಲ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಸಮಾಧಾನ ಮಾಡಿಕೊಳ್ಳುವವನಿಗೆ ಕಾರಣಕ್ಕೆ ಬರವೇ?

ಆ ಹೆಂಡತಿಯ ವಿಷಯ ಹೇಳಬೇಕು. ಅವಳ ಬಾಯಲ್ಲಿ ಸುಳ್ಳು ಹೊರಳುತ್ತಿರಲಿಲ್ಲ. ಒಳ್ಳೆಯತನ ಎಂದು ಹೊಗಳುತ್ತಿಲ್ಲ, ಕೆಲವರಿಗೆ ಸಿಳ್ಳೆ ಹಾಕಲು ಬರುವುದಿಲ್ಲವಲ್ಲ, ಹಾಗೆ. ಮಗಳನ್ನು ನೋಡಲು ಬಂದವರು "ಹುಡುಗಿ ಹೇಗೆ?" ಎಂದು ಕೇಳಿದಾಗ "ಒಳ್ಳೆಯವಳು, ಆದ್ರೆ ಗೊರಕೆ ಹೊಡೀತಾಳೆ" ಎಂದುಬಿಟ್ಟಿದ್ದಳು. ಮಗಳು ಒಳಗೆ ತಲೆ ಚಚ್ಚಿಕೊಂಡಳು, ಬಂದವರು ಬಿದ್ದು ಬಿದ್ದು ನಕ್ಕು ಅವತ್ತೇ ಒಪ್ಪಿಕೊಂಡು ಹೋದರು. ಪಕ್ಕದ ಮನೆಗೆ ಬಾಡಿಗೆಗೆ ಬರುವವರು ವಿಚಾರಿಸಿದರೆ ಮಳೆಗೆ ಯಾವ ಮೂಲೆ ಸೋರುತ್ತದೆಂದು ಬೆರಳು ಮಾಡಿ ತೋರಿಸುತ್ತಿದ್ದಳು. ಮನೆ ಮಾಲೀಕ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಬೀದಿಯಲ್ಲಿ ಏನೇ ಜಗಳವಾದರೂ ಕೊನೆಗೆ "ಆಕೆಯನ್ನೇ ಕೇಳೋಣ" ಎಂದು ಇವರ ಬಾಗಿಲಿಗೆ ಬರುತ್ತಿದ್ದರು.

ಇಂಥವಳಿಗೆ ಮೇಷ್ಟ್ರು ಹೇಳಿದ್ದು ಇಷ್ಟು. ದೊಡ್ಡ ವ್ಯಾಪಾರಿಯೊಬ್ಬರು ಇದ್ದಾರೆ, ಊರಿನ ಎಲ್ಲ ಮಾರುಕಟ್ಟೆಗಳಲ್ಲೂ ಅವರ ಮಾಲು ಹೋಗುತ್ತದೆ, ನಾನು ಮೇಲ್ವಿಚಾರಣೆ. ಅವಳು ನಂಬಿದಳು. ಸುಳ್ಳು ಹೇಳಲು ಬಾರದವರಿಗೆ ಕಿವಿಗೆ ಬಿದ್ದ ಸುಳ್ಳನ್ನು ಗುರುತಿಸಲೂ ಬರುವುದಿಲ್ಲ. ದಿನಾ ಬೆಳಿಗ್ಗೆ ಅವಳೇ ಅಂಗಿಗೆ ಇಸ್ತ್ರಿ ಹಾಕಿಸಿ ತಂದು, "ಮೇಲ್ವಿಚಾರಣೆ ಮಾಡೋರು ಮುದುರಿದ ಅಂಗಿ ಹಾಕ್ಕೊಂಡ್ ಹೋಗ್ಬಾರ್ದು" ಎನ್ನುತ್ತಿದ್ದಳು. ಮೇಷ್ಟ್ರು ಮನೆಯ ಸುತ್ತಮುತ್ತಲಿನ ಯಾವ ಮಾರುಕಟ್ಟೆಯಲ್ಲೂ ನಿಲ್ಲುತ್ತಿರಲಿಲ್ಲ. ಅವಳಿಗೆ ಒಂದು ದಿನ ಗೊತ್ತಾಗಿಬಿಟ್ಟರೆ ಎಂಬ ಒಂದೇ ಹೆದರಿಕೆ ಅವರಿಗೆ. ಪೊಲೀಸರು ಹಿಡಿದಾರು, ಜನ ಹೊಡೆದಾರು ಎಂಬ ಭಯ ಅದರ ಮುಂದೆ ಏನೂ ಅಲ್ಲ.

ಬೆಡ್‌ಶೀಟಿನ ಗಂಟಲು ಈಚೆಗೆ ಆಸ್ಪತ್ರೆ ರಸ್ತೆಯಲ್ಲಿ ಫ್ಲಾಸ್ಕು ಮಾರಲು ಹಿಡಿದಿದ್ದ. ಅವನ ಫ್ಲಾಸ್ಕಿನ ಹೊರಮೈ ಹೊಸದು, ಹೂವಿನ ಚಿತ್ರ, ಹೊಳೆಯುವ ಮುಚ್ಚಳ. ಒಳಗಿನ ಗಾಜು ಮಾತ್ರ ಕಾರ್ಖಾನೆಯವರು ಬೇಡವೆಂದು ಎಸೆದದ್ದು. ಅದನ್ನು ಎಲ್ಲಿಂದಲೋ ಗೋಣಿಯಲ್ಲಿ ತಂದು ಜೋಡಿಸುತ್ತಿದ್ದರು. ಒಂದಿಷ್ಟು ಹೊತ್ತು ಬಿಸಿ ಇರುತ್ತಿತ್ತು, ಆಮೇಲೆ ಬಾವಿ ನೀರು. ಕೆಲವು ಕುದಿಯುವ ನೀರು ಬಿದ್ದ ಕೂಡಲೇ ಒಳಗೇ ಸೀಳುತ್ತಿದ್ದವು. ಒಬ್ಬ ಮನುಷ್ಯ ಒಂದು ಸಲ ಅದನ್ನು ವಾಪಸು ತಂದಿದ್ದ. ಹಾಲಿನಲ್ಲಿ ಗಾಜಿನ ಚೂರು ಬಂದಿತ್ತಂತೆ. ಕೂಗಾಡಲಿಲ್ಲ, ಗಾಬರಿಯಲ್ಲಿದ್ದ, ಚೂರನ್ನು ಕಾಗದದಲ್ಲಿ ಸುತ್ತಿ ತಂದಿದ್ದ. "ತಣ್ಣೀರಲ್ಲಿ ತೊಳೆದಿರ್ತೀರಿ, ಅದಕ್ಕೇ," ಎಂದ ಗಂಟಲು. ಪಕ್ಕದಲ್ಲಿ ಗಿರಾಕಿಯಾಗಿ ನಿಂತಿದ್ದ ಮೇಷ್ಟ್ರು ತಲೆಯಾಡಿಸಿ, "ಹೌದು, ಮೊದಮೊದಲು ನಮ್ಮನೇಲೂ ಹಾಗೇ ಆಗಿತ್ತು" ಎಂದರು. ಆ ಮನುಷ್ಯ ತನ್ನದೇ ತಪ್ಪು ಎಂದುಕೊಂಡು ಹೊರಟುಹೋದ. ಮನೆಗೆ ಹೋಗಿ ಮೇಷ್ಟ್ರು ಊಟ ಸೇರದೆ ತಟ್ಟೆಯ ಮುಂದೆ ಕೂತಿದ್ದರು. ಹೆಂಡತಿ ಹಣೆ ಮುಟ್ಟಿ ನೋಡಿ, "ಬಿಸಿಲಲ್ಲಿ ಬಹಳ ಓಡಾಡಿಸ್ತಾರೆ ನಿಮ್ಮನ್ನ" ಎಂದಳು. ಮುಂದಿನ ವಾರ ಮತ್ತೆ ಆ ರಸ್ತೆಗೆ ಹೋದರು.

ಆ ದಿನವೂ ಹೋಗಿದ್ದರು. ಮಧ್ಯಾಹ್ನ ರೋಗಿಗಳನ್ನು ನೋಡಲು ಒಳಗೆ ಬಿಡುವ ಹೊತ್ತು, ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಟಲು ಒಳ್ಳೆಯ ಫ್ಲಾಸ್ಕೊಂದರಿಂದ ಹಬೆಯಾಡುವ ನೀರು ಬಗ್ಗಿಸಿ ತೋರಿಸುತ್ತ ಕೂಗುತ್ತಿದ್ದ. ಮೇಷ್ಟ್ರು ಬಂದರು, ಎತ್ತಿ ನೋಡಿದರು, ಮುಚ್ಚಳ ಸಡಿಲ ಎಂದು ಮೂಗು ಮುರಿದರು, ಹೋದರು, ವಾಪಸು ಬಂದರು. ಜನ ನಿಂತರು.

ಜನ ನಿಂತ ಮೇಲೆ ಮೇಷ್ಟ್ರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಖ ಮೋಸ ಮಾಡುತ್ತದೆ, ಬೇಡ ಬೇಡ ಎನ್ನುವ ಮುಖದವರೇ ಕೊಂಡುಹೋಗುತ್ತಾರೆ. ಅವರು ನೋಡುತ್ತಿದ್ದುದು ಕಾಲು. ಹೋಗಬೇಕೋ ನಿಲ್ಲಬೇಕೋ ಎಂದು ತಿಳಿಯದವರ ಒಂದು ಪಾದ ಸಾಮಾನಿನ ಕಡೆ, ಇನ್ನೊಂದು ರಸ್ತೆಯ ಕಡೆ ಇರುತ್ತದೆ. ಆ ಎರಡನೆಯ ಪಾದವನ್ನು ಈಚೆ ತಿರುಗಿಸಿದರೆ ಕೆಲಸ ಮುಗಿದಂತೆ. ಅವತ್ತು ಗುಂಪಿನ ಅಂಚಿನಲ್ಲಿ ಅಂಥದೊಂದು ಜೋಡಿ ಕಾಲು ಕಂಡಿತು. ಹೊಚ್ಚ ಹೊಸ ನೀಲಿ ರಬ್ಬರ್ ಚಪ್ಪಲಿ, ಅದರ ಮೇಲೆ ಒಡೆದ ಹಿಮ್ಮಡಿ. ಒಂದು ಪಾದ ರಸ್ತೆಯ ಕಡೆಗೇ ತಿರುಗಿತ್ತು. ಹೆಂಗಸು, ನಡುವಯಸ್ಸು, ಕೈಯಲ್ಲಿ ದುಡ್ಡು ಬಿಗಿ ಎಂದು ಮೇಷ್ಟ್ರು ಲೆಕ್ಕ ಹಾಕಿದರು. ತಮ್ಮ ಮಾತನ್ನು ಆ ಕಾಲಿಗೇ ಗುರಿಯಿಟ್ಟು ಬಿಟ್ಟರು.

"ನೋಡಿ, ನಾನು ಬೇರೆಯವ್ರ ಮಾತು ಹೇಳಲ್ಲ. ನಮ್ಮನೇಲಿ ಮೂರು ವರ್ಷದಿಂದ ಇದೇ ಇದೆ. ನಮ್ಮನೆಯವಳಿಗೆ ಮಂಡಿ ನೋವು, ರಾತ್ರಿ ಎದ್ದು ಒಲೆ ಹಚ್ಚೋಕಾಗಲ್ಲ. ಮಲಗೋ ಮುಂಚೆ ಇದ್ರಲ್ಲಿ ನೀರು ಹಾಕಿಟ್ರೆ ಬೆಳಗಿನ ಜಾವಕ್ಕೂ ಬಾಯಿ ಸುಡುತ್ತೆ. ಪಾಪ, ನನಗಿಂತ ಇದನ್ನೇ ಹೆಚ್ಚು ಹಚ್ಕೊಂಡಿದಾಳೆ."

ಜನ ನಕ್ಕರು. ಆ ಪಾದ ತಿರುಗಿತು. ರಸ್ತೆಯ ಕಡೆ ಇದ್ದದ್ದು ನಿಧಾನವಾಗಿ ಈಚೆ ಬಂದು, ಎರಡೂ ಚಪ್ಪಲಿಗಳು ನೇರ ಮೇಷ್ಟ್ರಿಗೆ ಎದುರಾಗಿ ನಿಂತವು. ಗೆದ್ದೆನೆಂದು ಅವರಿಗೆ ಒಳಗೊಳಗೇ ಹಿಗ್ಗು.

ಅಷ್ಟರಲ್ಲಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದಿದ್ದ ಒಬ್ಬ ಮುಂದೆ ಬಂದ. "ಯಜಮಾನ್ರೇ, ನಿಮ್ಮನ್ನ ಎಲ್ಲೋ ನೋಡಿದೀನಲ್ಲ. ಮೈದಾನದ ಹತ್ರ ರಗ್ಗು ತಗೊಳ್ಳುವಾಗ ಅದೂ ನಿಮ್ಮನೇಲಿ ಮೂರು ವರ್ಷದಿಂದ ಇದೆ ಅಂತಿದ್ರಿ. ನಿಮ್ಮನೇಲಿ ಎಲ್ಲಾ ಸಾಮಾನೂ ಒಂದೇ ದಿನ ಬಂತಾ?"

ಈ ಸಲದ ನಗು ಬೇರೆ ಥರದ್ದು. "ಅಯ್ಯೋ, ಇವನ ಕಡೆಯವರೇ ಕಣ್ರೀ," ಎಂದಿತು ಒಂದು ದನಿ. ಗಂಟಲು ಬಗ್ಗಿ ಫ್ಲಾಸ್ಕು ಜೋಡಿಸತೊಡಗಿದ. ಮೇಷ್ಟ್ರು ಏನಾದರೂ ಹೇಳಬೇಕಿತ್ತು. ಇಂಥ ಹೊತ್ತಿಗೆಂದೇ ನಾಲ್ಕಾರು ಮಾತು ರೂಢಿಯಲ್ಲಿದ್ದವು. ಬಾಯಿ ತೆರೆಯುತ್ತ, ಯಾರಾದರೂ ತಮ್ಮ ಕಡೆ ಇದ್ದಾರೆಯೇ ಎಂದು ತಲೆ ಎತ್ತಿ ನೋಡಿದರು. ನೀಲಿ ಚಪ್ಪಲಿಯ ಮೇಲೆ ಅವರ ಹೆಂಡತಿ ನಿಂತಿದ್ದಳು.

ಅದೇ ಮಾಸಿದ ಹಸಿರು ಸೀರೆ. ಕಂಕುಳಲ್ಲಿ ಬಟ್ಟೆಯ ಚೀಲ. ಕಾಲು ನೋಡಿ ಊರಿನವರ ಮನಸ್ಸೆಲ್ಲ ಓದುವ ಮನುಷ್ಯನಿಗೆ, ಇಷ್ಟು ವರ್ಷ ಜೊತೆಗಿದ್ದ ಹೆಂಡತಿಯ ಕಾಲಿನ ಗುರುತು ಹತ್ತಿರಲಿಲ್ಲ. ಅವಳ ಹಿಮ್ಮಡಿ ಒಡೆದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎಂದುಕೊಂಡರು. ಭೂಮಿಗೆ ಬೇರೆ ಕೆಲಸವಿತ್ತು.

ಅವಳು ಗುಂಪನ್ನು ಸರಿಸಿ ಮುಂದೆ ಬಂದಳು. ಬಂದವಳು ಹೆಲ್ಮೆಟ್ಟಿನವನ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು. "ಇವ್ರು ನಮ್ಮ ಯಜಮಾನ್ರು. ಹೌದು, ನಮ್ಮನೇಲಿದೆ."

ಅಷ್ಟೇ. ಹೇಳುವಾಗ ಅವಳ ಕಿವಿ ಕೆಂಪಾಗಿತ್ತು. ನೋಡಿದವರಿಗೆ ಅದು ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲದವಳ ಸಂಕೋಚದಂತೆ ಕಂಡಿತು. ಹೆಲ್ಮೆಟ್ಟಿನವನು, "ತಪ್ಪು ತಿಳ್ಕೊಬೇಡಿ ಅಮ್ಮಾ, ಕಾಲ ಕೆಟ್ಟಿದೆ ನೋಡಿ" ಎಂದು ಹಿಂದೆ ಸರಿದ. ಗುಂಪಿನಲ್ಲಿದ್ದ ಒಬ್ಬ ಹುಡುಗಿ ಅವಳ ತೋಳು ಮುಟ್ಟಿದಳು. ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದವಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. "ಅಮ್ಮಾ, ನಮ್ಮಪ್ಪ ಒಳಗಿದಾರೆ. ರಾತ್ರಿ ಬಿಸಿ ಹಾಲು ಕೊಡಿ ಅಂದಿದಾರೆ ಡಾಕ್ಟ್ರು. ನಿಜವಾಗ್ಲೂ ಬಿಸಿ ಇರುತ್ತಾ?"

ಹೆಂಡತಿ ಒಂದು ಸಲ ಗಂಡನ ಮುಖ ನೋಡಿದಳು. ಬೇಡ ಎಂದು ಒಂದು ಕಣ್ಸನ್ನೆ ಮಾಡಿದ್ದರೂ ಸಾಕಿತ್ತು. ಮೇಷ್ಟ್ರು ಕೈಯಲ್ಲಿದ್ದ ಫ್ಲಾಸ್ಕಿನ ಹೂವನ್ನು ನೋಡುತ್ತ ನಿಂತರು.

"ಇರುತ್ತಮ್ಮ," ಎಂದಳು ಹೆಂಡತಿ.

ಹುಡುಗಿ ಕೊಂಡಳು. ಅವಳ ಹಿಂದೆ ಇನ್ನೂ ಮೂವರು ಕೊಂಡರು. ಕೊನೆಗೆ ಹೆಂಡತಿಯೂ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು ಒಂದನ್ನು ತೆಗೆದುಕೊಂಡಳು. ಮೇಷ್ಟ್ರಿಗೆ ಅದನ್ನು ತಡೆಯಲು ಯಾವ ಮುಖ ಇತ್ತು? ಹೊರಡುವಾಗ ಗಂಟಲು ಅವರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಹೊಸಬ್ರನ್ನ ಕರ್ಕೊಂಡ್ ಬಂದಿದೀರಿ, ಒಂದ್ ಮಾತು ಹೇಳ್ಬಾರ್ದಾ? ಎಂಥಾ ಕಳೆ ರೀ ಆಕೆ ಮುಖದಲ್ಲಿ. ನಿಮ್ದೆಲ್ಲಾ ಏನೂ ಅಲ್ಲ ಬಿಡಿ."

"ಅವಳು ನನ್ನ ಹೆಂಡ್ತಿ ಕಣಯ್ಯ."

"ಹೌದಾ? ಹಂಗಾದ್ರೆ ಇನ್ನೂ ಒಳ್ಳೇದಾಯ್ತು. ಮನೇಲೇ ಇಟ್ಕೊಂಡು ಇಷ್ಟು ದಿನ ಸುಮ್ನಿದ್ರಲ್ಲ."

ಮೇಷ್ಟ್ರ ಮೈಯಲ್ಲಿ ಸಿಟ್ಟು ಬರಬೇಕಾದ ಜಾಗವೆಲ್ಲ ಖಾಲಿಯಾಗಿತ್ತು. ಗಂಟಲಿಗೆ ಬಯ್ಯಬೇಕೆಂದರೆ ಯಾವ ಬಾಯಲ್ಲಿ ಬಯ್ಯುವುದು? ತಲೆ ತಗ್ಗಿಸಿ ಹೆಂಡತಿಯ ಹಿಂದೆ ನಡೆದರು. ಇಷ್ಟು ವರ್ಷ ಅವಳು ಅವರ ಹಿಂದೆ ನಡೆಯುತ್ತಿದ್ದಳು.

ಇಬ್ಬರೂ ರಸ್ತೆ ದಾಟಿದರು. ಆಸ್ಪತ್ರೆಯ ಗೇಟಿನ ಹತ್ತಿರ ಅವಳೇ ಹೇಳಿದಳು. ಆಪರೇಷನ್ ಆಗಿದ್ದ ಅವಳ ಅಕ್ಕನನ್ನು ಬೆಳಿಗ್ಗೆ ಬೇರೊಂದು ಆಸ್ಪತ್ರೆಯಿಂದ ಇಲ್ಲಿಗೆ ಸಾಗಿಸಿದ್ದರಂತೆ. ಫೋನು ಬಂದಾಗ ಇವರು ಮನೆ ಬಿಟ್ಟಾಗಿತ್ತು. ಬಸ್ಸು ಹತ್ತುವಾಗ ಚಪ್ಪಲಿಯ ಬಾರು ಕಿತ್ತುಹೋಗಿ ಅಲ್ಲೇ ಹೊಸದನ್ನು ಕೊಂಡಳಂತೆ. ಅಕ್ಕನಿಗೆ ಕುಡಿಯಲು ಬಿಸಿ ನೀರು ಬೇಕು, ಅದಕ್ಕೇ ಫ್ಲಾಸ್ಕು ನೋಡುತ್ತ ನಿಂತಿದ್ದಳಂತೆ. ದನಿ ಎಂದಿನಂತೇ ಇತ್ತು. ಅವಳು ಕೂಗಾಡಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

"ನಿಮ್ಮ ದನಿ ದೂರದಿಂದ್ಲೇ ಕೇಳಿಸ್ತು," ಎಂದಳು. "ಇಲ್ಲಿ ಹೇಗಪ್ಪಾ ಬಂದ್ರು ಅಂದ್ಕೊಂಡೆ. ಆಮೇಲೆ ನನ್ನ ವಿಷ್ಯಾನೇ ಮಾತಾಡ್ತಿದೀರಿ ಅಂತ ಗೊತ್ತಾಯ್ತು." ಗೇಟು ದಾಟುತ್ತ ಕೇಳಿದಳು. "ಮೇಲ್ವಿಚಾರಣೆ ಅಂದ್ರೆ ಇದೇನಾ?"

"ಇದೇ," ಎಂದರು ಮೇಷ್ಟ್ರು. ಅವರ ದನಿ ಅವರಿಗೇ ಕೇಳಿಸಲಿಲ್ಲ.

"ಹೂಂ," ಎಂದಳು ಅವಳು. ಮೆಟ್ಟಿಲು ಹತ್ತಿದಳು.

ಒಳಗೆ ಉದ್ದನೆಯ ಮೊಗಸಾಲೆ, ಅದರ ಕೊನೆಯಲ್ಲಿ ಬಿಸಿ ನೀರಿನ ನಲ್ಲಿ. ರೋಗಿಗಳ ಕಡೆಯವರು ಚೊಂಬು, ಬಾಟಲಿ, ಪಾತ್ರೆ ಹಿಡಿದು ಸಾಲು ನಿಂತಿದ್ದರು. ನೆಲವೆಲ್ಲ ಒದ್ದೆ. ನಲ್ಲಿಯಿಂದ ಹಬೆ ಎದ್ದು ಗೋಡೆಯ ಸುಣ್ಣ ಬೊಕ್ಕೆಯೆದ್ದಿತ್ತು. ಇಬ್ಬರೂ ಹೋಗಿ ಸಾಲಿನ ಕೊನೆಗೆ ನಿಂತರು. ಮೇಷ್ಟ್ರು ಕತ್ತೆತ್ತಿ ನೋಡಿದರೆ ಮುಂದೆ ಆ ಹುಡುಗಿ. ಹೊಸ ಫ್ಲಾಸ್ಕನ್ನು ಎದೆಗವಚಿಕೊಂಡು, ಮುಚ್ಚಳ ಬಿಚ್ಚಿ ಒಳಗೆ ಊದಿ ಧೂಳು ತೆಗೆಯುತ್ತಿದ್ದಳು. ಅವಳ ಮುಂದೆ ಹೆಚ್ಚು ಜನರಿರಲಿಲ್ಲ.

ಹೆಂಡತಿ ತನ್ನ ಫ್ಲಾಸ್ಕನ್ನು ತಿರುಗಿಸಿ ನೋಡುತ್ತ ಮೆಲ್ಲಗೆ ಹೇಳಿದಳು. "ನಮ್ಮನೇಲಿದೆ ಅಂತ ಒಂದು ಸುಳ್ಳು ಹೇಳ್ಬಿಟ್ಟೆ. ಹೋಗ್ಲಿ, ಯಾರಿಗೂ ಅದ್ರಿಂದ ನಷ್ಟ ಇಲ್ವಲ್ಲ. ವಸ್ತು ಒಳ್ಳೇದೇ ತಾನೇ?"

ಅವಳು ಕೇಳಿದ್ದು ಅನುಮಾನದಿಂದಲ್ಲ. ಗಂಡ ಬಣ್ಣ ಕಟ್ಟಿ ಮಾತಾಡಿರಬಹುದು, ನಿಂತು ಮಾರಿಕೊಟ್ಟಿರಬಹುದು, ಆದರೆ ಕೆಟ್ಟ ವಸ್ತುವನ್ನು ಒಳ್ಳೆಯದು ಎಂದಿರಲಾರರು ಎಂದು ಅವಳು ನಂಬಿಕೊಂಡಿದ್ದಳು. ಇಷ್ಟೆಲ್ಲ ಕಣ್ಣಾರೆ ನೋಡಿದ ಮೇಲೂ ಅಷ್ಟನ್ನು ಉಳಿಸಿಕೊಂಡಿದ್ದಳು. ಹೌದು ಎಂದರೆ ಸಾಕು, ಅದು ಉಳಿಯುತ್ತಿತ್ತು. ಹೌದು ಎನ್ನುವುದು ಮೇಷ್ಟ್ರ ಕಸುಬು. ಅವರು ಆ ಹುಡುಗಿಯ ಬೆನ್ನು ನೋಡಿದರು. ಗಾಜಿನ ಚೂರನ್ನು ಕಾಗದದಲ್ಲಿ ಸುತ್ತಿ ತಂದ ಮನುಷ್ಯ ನೆನಪಾದ.

"ಅಲ್ಲ," ಎಂದರು.

ಅವಳು ಅವರತ್ತ ತಿರುಗಿದಳು.

"ಒಳಗಿನ ಗಾಜು ಸರಿ ಇಲ್ಲ. ಬಿಸಿ ಬಿದ್ರೆ ಸೀಳ್ಕೊಂಡ್ರೂ ಸೀಳ್ಕೊಳ್ತು. ನಂಗೆ ಗೊತ್ತಿತ್ತು." ಆಮೇಲೆ ಅವಸರವಸರವಾಗಿ, "ನೀನಿಲ್ಲೇ ಇರು. ನಾನು ಹೋಗಿ ಆ ಹುಡುಗಿಗೆ ಹೇಳ್ತೀನಿ," ಎಂದರು.

ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು. ಕೋಪವೆಂದು ಹೇಳುವಂಥದ್ದು ಅಲ್ಲಿರಲಿಲ್ಲ. ಸಾಲು ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುವವಳಂತೆ ಕೇಳಿದಳು. "ನೀವು ಹೇಳಿದ್ರೆ ನಂಬ್ತಾಳೇನ್ರೀ?"

ಅವಳು ತನ್ನ ಫ್ಲಾಸ್ಕನ್ನು ಅವರ ಕೈಗೆ ಕೊಟ್ಟು, ಒದ್ದೆ ನೆಲದ ಮೇಲೆ ಹೊಸ ಚಪ್ಪಲಿ ಜಾರದಂತೆ ಗೋಡೆ ಹಿಡಿದುಕೊಂಡು ಮುಂದೆ ಹೋದಳು. ಹುಡುಗಿ ಆಗಲೇ ನಲ್ಲಿಯ ಮುಂದೆ ಬಂದಿದ್ದಳು.

"ಮಗಳೇ, ಅದ್ರಲ್ಲಿ ಹಿಡೀಬೇಡ. ನಾನು ನಿನಗೆ ಸುಳ್ಳು ಹೇಳಿದೆ. ನಮ್ಮನೇಲಿ ಫ್ಲಾಸ್ಕೇ ಇಲ್ಲ. ಇದು ಒಡೆಯುತ್ತೆ. ನಿಮ್ಮಪ್ಪಂಗೆ ಇದ್ರಲ್ಲಿ ಹಾಲು ಕೊಡ್ಬೇಡ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾಗುತ್ತ ಹೋದಂತೆ ಅವಳ ಮುಖ ಬದಲಾಯಿತು. ರಸ್ತೆಯಲ್ಲಿ ತಾಯಿಯನ್ನು ನೋಡುವಂತೆ ನೋಡಿದ್ದವಳು ಈಗ ಹೆಜ್ಜೆ ಹಿಂದಿಟ್ಟಳು. "ನಿಮ್ಮ ಮುಖ ನೋಡಿ ತಗೊಂಡೆ ನಾನು," ಎಂದಳು. ದನಿ ಜೋರಿರಲಿಲ್ಲ, ಆದರೆ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಹೆಂಡತಿ ತಲೆಯಾಡಿಸಿದಳು. ಸೆರಗಿನ ಗಂಟಿನಲ್ಲಿ ಉಳಿದದ್ದನ್ನು ಬಿಚ್ಚಿ ಹುಡುಗಿಯ ಕೈಗೆ ಹಾಕಿ ಫ್ಲಾಸ್ಕನ್ನು ತೆಗೆದುಕೊಂಡಳು.

ಸಾಲಿನಲ್ಲಿ ಗುಸುಗುಸು ಎದ್ದಿತು. "ಏನಂತೆ?" "ಕೆಟ್ಟ ಸಾಮಾನು ಮಾರ್ತಾರಂತೆ." "ಓ, ಅಲ್ಲಿ ನಿಂತಿದಾನಲ್ಲ, ಅವನೇ ಗಂಡ. ಇಬ್ರೂ ಸೇರ್ಕೊಂಡು ಮಾಡ್ತಾರೆ." "ಹೆಂಗಸ್ರನ್ನ ಮುಂದೆ ಬಿಟ್ರೆ ಜನ ನಂಬ್ತಾರಲ್ಲ." ಚೊಂಬು ಹಿಡಿದ ಮುದುಕಿಯೊಬ್ಬಳು ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಯಿಲೆಯವ್ರ ಹತ್ರಾನೂ ಬಿಡಲ್ವಲ್ಲ ನೀವು," ಎಂದಳು. ಹೆಂಡತಿ ಇಲ್ಲ ಎನ್ನಲಿಲ್ಲ. ನಾನು ಅಂಥವಳಲ್ಲ ಎನ್ನಲಿಲ್ಲ. ಹೇಳಿದ್ದು ಹೌದಲ್ಲ, ಹೌದಾದ್ದನ್ನು ಅಲ್ಲ ಎನ್ನಲು ಅವಳಿಗೆ ಗೊತ್ತಿರಲಿಲ್ಲ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಅವಳ ಪಕ್ಕ ನಿಂತರು. "ನೋಡಿ, ನಾನು ಬೇರೆಯವ್ರ ಮಾತು ಹೇಳಲ್ಲ," ಎಂದರು. "ಇವಳಿಗೆ ಏನೂ ಗೊತ್ತಿಲ್ಲ. ಮೋಸ ಮಾಡಿದ್ದು ನಾನು. ಇವಳು ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವಳಲ್ಲ. ನನ್ನ ಮಾನ ಉಳಿಸೋಕೆ ಹೇಳಿದ್ದು. ತಪ್ಪು ನಂದು."

ಒಂದೊಂದು ಅಕ್ಷರವೂ ನಿಜ. ಆದರೆ ಅದು ಹೊರಟದ್ದು ಮಾರುಕಟ್ಟೆಯ ದನಿಯಲ್ಲಿ. ನಾಲ್ಕು ಜನ ಎದುರು ನಿಂತರೆ ಅವರ ಬಾಯಿಗೆ ಬೇರೆ ದನಿ ಬರುತ್ತಿರಲಿಲ್ಲ. ಎಲ್ಲಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ನಡುಗಬೇಕೋ ಅಲ್ಲಿ ನಡುಗಿತು, ಕೈ ತಾನಾಗಿ ಎದೆಯ ಮೇಲೆ ಬಂತು. ಅದು ಅವರಿಗೂ ಕೇಳಿಸಿತು. ಕೇಳಿಸಿದರೂ ನಿಲ್ಲಿಸಲು ಬರಲಿಲ್ಲ.

"ಹೌದೌದು," ಎಂದಳು ಮುದುಕಿ. "ಸಿಕ್ಕಿಬಿದ್ಮೇಲೆ ಎಲ್ರೂ ಹಿಂಗೇ ಹೇಳೋದು." ಯಾರೋ ನಕ್ಕರು. ಹುಡುಗಿ ಅವರ ಕಡೆ ನೋಡಲೂ ಇಲ್ಲ, ಪಕ್ಕದವರ ಹತ್ತಿರ ಚೊಂಬು ಕೇಳಿ ಇಸಿದುಕೊಂಡು ನೀರು ಹಿಡಿದಳು. ಸಾಲು ಮುಂದೆ ಸರಿಯಿತು.

"ಬನ್ನಿ," ಎಂದಳು ಹೆಂಡತಿ.

ವಾರ್ಡಿನ ಬಾಗಿಲವರೆಗೆ ಮೇಷ್ಟ್ರು ಎರಡೂ ಫ್ಲಾಸ್ಕು ಹಿಡಿದು ಅವಳ ಹಿಂದೆ ಬಂದರು. ಏನಾದರೂ ಹೇಳಬೇಕೆಂದು ಎರಡು ಸಲ ಬಾಯಿ ತೆರೆದರು. ತಮ್ಮ ದನಿಗೆ ತಾವೇ ಹೆದರಿ ಮುಚ್ಚಿದರು. ಮಾತು ಮಾರಿ ಬದುಕಿದವರಿಗೆ ಸ್ವಂತಕ್ಕೆಂದು ಒಂದೂ ಉಳಿದಿರಲಿಲ್ಲ. ಅವಳು ಬಾಗಿಲ ಮುಂದೆ ನಿಂತು ಸೆರಗಿನಿಂದ ಮುಖ ಒರೆಸಿ ಕೂದಲು ಸರಿಮಾಡಿಕೊಂಡಳು. ಅವರೂ ಅಂಗಿಯ ಕಾಲರು ಸರಿಮಾಡಿಕೊಂಡು ಒಳಗೆ ಹೋಗಲು ಅಣಿಯಾದರು.

"ನೀವು ಬರ್ಬೇಡಿ," ಎಂದಳು. "ಇಲ್ಲೇ ಬೆಂಚಿನ ಮೇಲೆ ಕೂತಿರಿ. ನಾನು ಅಕ್ಕನ ಹತ್ರ ತಂಬಿಗೆ ಇಸ್ಕೊಂಡು ಬಂದು ನೀರು ಹಿಡ್ಕೊಂಡ್ ಹೋಗ್ತೀನಿ."

"ನೋಡ್ಕೊಂಡ್ ಬಂದ್ಬಿಡ್ತೀನಿ ಕಣೇ. ಇಲ್ಲೀವರ್ಗೂ ಬಂದು ಒಳಗೆ ಬರ್ದಿದ್ರೆ ಏನಂದ್ಕೊಳ್ತಾರೆ?"

ಹೆಂಡತಿ ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದಳು. ಅವರ ಕಡೆ ತಿರುಗಲಿಲ್ಲ.

"ನಿಮ್ಮನ್ನ ನೋಡಿದ್ರೆ ಅಕ್ಕ ಕೆಲ್ಸ ಹೇಗಿದೆ ಅಂತ ಕೇಳ್ತಾಳೆ," ಎಂದಳು. "ನೀವು ಏನೋ ಹೇಳ್ತೀರಿ. ಆಮೇಲೆ ಅವಳು ನನ್ನ ಮುಖ ನೋಡ್ತಾಳೆ. ಇವತ್ತು ಇನ್ನೊಂದ್ಸಲ ನನ್ನ ಕೈಲಾಗಲ್ಲ."